ಹತ್ತಿಯ ಹಿಂದಿನ ಕಪ್ಪು

ಅಂಗುಳಿನಲ್ಲಿ ತೂತು ಬಿದ್ದವರಿಗೆ ‘ಮಾನ್ವಿ’ ಎನ್ನಲು ಬರುತ್ತದೆ, ‘ದೇವದುರ್ಗ’ ಎನ್ನಲು ಬರುವುದಿಲ್ಲ. ರಾಯಚೂರಿನ ಗಾಡಿ ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಕೂಗಿ ಪ್ಯಾಸೆಂಜರ್ ಜೀಪು ತುಂಬಿಸುತ್ತಿದ್ದ ಒಬ್ಬರು ನನಗಿದನ್ನು ತೋರಿಸಿಕೊಟ್ಟರು. ಮ, ನ ಎಂಬ ಅಕ್ಷರಗಳು ಹೇಗೂ ಮೂಗಿನಿಂದಲೇ ಹೊರಡುವಂಥವು. ದ, ಗ, ಬ ಹುಟ್ಟಬೇಕಾದರೆ ಗಾಳಿ ಬಾಯೊಳಗೆ ಒಂದು ಗಳಿಗೆ ನಿಲ್ಲಬೇಕು. ಮೇಲೆ ಮಾಳಿಗೆಯೇ ಇಲ್ಲದ ಬಾಯಲ್ಲಿ ಗಾಳಿ ಎಲ್ಲಿ ನಿಂತೀತು? ಸೀದಾ ಮೂಗಿಗೆ ಏರಿ ಹೋಗುತ್ತದೆ. ‘ದೇವದುರ್ಗ’ ಅಂದದ್ದು ‘ನೇವನುರ್ನ’ ಎಂದು ಕೇಳಿಸುತ್ತದೆ.

ಕೊರೊನಾದ ಎರಡನೆಯ ಅಲೆ ಆಗಷ್ಟೇ ಇಳಿದಿತ್ತು. ಆಕ್ಸಿಜನ್ ಹಚ್ಚಿಸಿಕೊಂಡು ಬದುಕಿ ಮನೆಗೆ ಹೋದವರಲ್ಲಿ ಕೆಲವರಿಗೆ ಕೆನ್ನೆ ಜೋಮು ಹಿಡಿಯಿತು, ಮೂಗಿನಿಂದ ಕಂದು ನೀರು ಸೋರಿತು, ಗಟ್ಟಿ ಹಲ್ಲುಗಳು ಅಲುಗಾಡಿದವು. ಜನ ಅದನ್ನು ಬ್ಲ್ಯಾಕ್ ಫಂಗಸ್ ಎಂದರು. ಶ್ವಾಸಕೋಶ ಉಳಿಸಲು ಕೊಟ್ಟ ಸ್ಟೆರಾಯ್ಡು, ಜೊತೆಗೆ ಏರಿದ ಸಕ್ಕರೆ, ಎರಡೂ ಸೇರಿ ಮೈಯ ಕಾವಲು ಸಡಿಲಾದಾಗ, ಗಾಳಿಯಲ್ಲಿ ಎಲ್ಲೆಲ್ಲೂ ಇರುವ ಒಂದು ಬೂಷ್ಟು ಮೂಗಿನೊಳಗೆ ಬೆಳೆಯುತ್ತದೆ. ರಕ್ತನಾಳಗಳಿಗೆ ಹೊಕ್ಕು ಅವನ್ನು ಕಟ್ಟಿಬಿಡುತ್ತದೆ. ರಕ್ತ ಹೋಗದ ಎಲುಬು, ಮಾಂಸ ಸತ್ತು ಕಪ್ಪಾಗುತ್ತವೆ. ಸತ್ತ ಜಾಗಕ್ಕೆ ಔಷಧವೂ ತಲುಪುವುದಿಲ್ಲ, ಕೊಯ್ದು ತೆಗೆಯಲೇಬೇಕು. ಕೊಯ್ಯುವವರು ಸರ್ಜನ್. ಕೊಯ್ದ ಮೇಲೆ ಉಳಿದ ಬಾಯಿಗೆ ಮುಚ್ಚಳ ಮಾಡಿಕೊಡುವವಳು ನಾನು, ಕೃತಕ ಹಲ್ಲು, ಕೃತಕ ಅಂಗುಳು ಕಟ್ಟುವ ದಂತವೈದ್ಯೆ.

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ನನ್ನ ಕೆಲಸ. ಪ್ಲಾಸ್ಟರು ಹಾಕಿ ಅಚ್ಚು ಎರೆಯುತ್ತಿದ್ದ ಟೆಕ್ನಿಷಿಯನ್ ಜ್ವರ ಬಂದು ಊರಿಗೆ ಹೋದವರು ಮರಳಲಿಲ್ಲ. ಜೊತೆಗಿದ್ದ ಡಾಕ್ಟರು ತಂದೆಯನ್ನು ಕಳೆದುಕೊಂಡು ದೀರ್ಘ ರಜೆಯಲ್ಲಿದ್ದರು. ದಿನವಿಡೀ ಕೇಳುವ ಸದ್ದೆಂದರೆ ಅಕ್ರಿಲಿಕ್ ಉಜ್ಜುವ ಮೋಟಾರಿನದು. ಊಟ ಕೊಡುವ ಖಾನಾವಳಿಯಾಕೆ ಡಬ್ಬಿಯನ್ನು ಕಂಪೌಂಡಿನ ಗೋಡೆಯ ಮೇಲಿಟ್ಟು, ನಾನು ಬಾಗಿಲು ತೆರೆಯುವುದರೊಳಗೆ ಹೋಗಿಬಿಡುತ್ತಿದ್ದರು. ಲಿಂಗಸೂಗೂರಿನಿಂದ ಅವ್ವ ಫೋನು ಮಾಡಿ, “ಇನ್ನೊಂದಿಷ್ಟು ದಿನ ಅಲ್ಲೇ ಇರವ್ವಾ, ಮನ್ಯಾಗ ಸಣ್ಣ ಮಕ್ಕಳದಾವ” ಎನ್ನುತ್ತಿದ್ದಳು.

“ಯವ್ವಾ, ಇದು ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ.”

“ಹೌದಿರಬೇಕು. ಆದ್ರೂ ಇರು.”

ಹೀಗಾಗಿ ಬಾಯಿ ಇಲ್ಲದವರ ಜೊತೆಗಷ್ಟೇ ನನ್ನ ಮಾತುಕತೆ. ಮಾನ್ವಿ ಮತ್ತು ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳಿಗೆ ವಾರಕ್ಕೊಮ್ಮೆ ಹೋಗಿ, ಶಸ್ತ್ರಚಿಕಿತ್ಸೆ ಆದವರ ಬಾಯಿಗೆ ಟಾರ್ಚು ಬಿಟ್ಟು ನೋಡಿ ಬರುವುದೂ ನನ್ನ ಪಾಲಿಗಿತ್ತು.

ಆ ಕೂಗುವವರು ದೇವದುರ್ಗದವರು. ಹೆಂಡತಿಯ ಜೊತೆ ಬಂದು ನನ್ನ ಕೋಣೆಯ ಹೊಸ್ತಿಲಲ್ಲೇ ನಿಂತರು. ಮೇಲ್ದವಡೆಯ ಬಲಭಾಗ, ಅದರೊಂದಿಗೆ ಬಲ ಅಂಗುಳು, ಪೂರ್ತಿ ತೆಗೆದಿದ್ದರು. ಕಣ್ಣು ಉಳಿದಿತ್ತು. ಕೆನ್ನೆ ಒಳಕ್ಕೆ ಕುಸಿದಿತ್ತು.

“ಬರ್ರಿ, ಒಳಗ ಬರ್ರಿ. ಕುಂದರ್ರಿ,” ಎಂದೆ.

ಹೆಂಡತಿ ಮೊದಲು ಕೂತರು. ಹತ್ತಿ ಬಿಡಿಸುವ ಕೂಲಿಗೆ ಹೋಗುವ ಹೆಣ್ಣುಮಗಳು, ಮಾತಿಗೆ ಮಾಸ್ಕು ಅಡ್ಡಿ ಎಂದು ಅದನ್ನು ಗದ್ದಕ್ಕಿಳಿಸಿದರು. “ಲಗ್ನ ಆದಾಗಿಂದ ಬಾಯಿ ಮುಚ್ಚು, ಬಾಯಿ ಮುಚ್ಚು ಅಂತ ಹೇಳಿ ಸಾಕಾತು ನೋಡ್ರಿ ಯವ್ವಾ. ಈಗ ನೀವಾದ್ರೂ ಮುಚ್ಚಿ ಕೊಡ್ರಿ.”

ಗಂಡ ನಕ್ಕರು. ನಗುವೂ ಮೂಗಿನಿಂದಲೇ ಬಂತು. ಏನೋ ಹೇಳಿದರು. ನನಗೆ ಅರ್ಧ ತಿಳಿಯಿತು, ಹೆಂಡತಿ ಪೂರ್ತಿ ಮಾಡಿದರು. “ಮಾನ್ವಿ ಅಂದ್ರ ಮಂದಿ ಬಂದು ಹತ್ತತಾರಂತ. ದೇವದುರ್ಗ ಅಂದ್ರ ಮಾರಿ ಮಾರಿ ನೋಡತಾರಂತ. ಇವರ ಪಾಳಿ ಇರೋದು ದೇವದುರ್ಗದ ಗಾಡಿಗೇ ಅಲ್ರೀ.”

ವಿಷಯ ಇಷ್ಟು. ಸ್ಟ್ಯಾಂಡಿನಲ್ಲಿ ಒಂದೊಂದು ಊರಿನ ಗಾಡಿ ತುಂಬಿಸಲು ಒಬ್ಬೊಬ್ಬರು. ದೇವದುರ್ಗದ ಪಾಳಿ ಇವರದು. ಡ್ರೈವರುಗಳು ಒಳ್ಳೆಯವರು, ದಸರೆಯ ತನಕ ಜಾಗ ಹಿಡಿದಿಡುತ್ತೇವೆ ಎಂದಿದ್ದರು. ಅಷ್ಟರಲ್ಲಿ ಬಾಯಿ ಬಂದರೆ ಪಾಳಿ ಉಂಟು, ಇಲ್ಲವಾದರೆ ಬೇರೆಯವರಿಗೆ. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

“ದಸರಾದೊಳಗ ಮಾಡೋಣು ಅಣ್ಣಾ,” ಎಂದೆ.

ಅಚ್ಚು ತೆಗೆಯುವುದು ಹೇಳುವಷ್ಟು ಸುಲಭವಲ್ಲ. ಅಚ್ಚಿನ ಪುಡಿಯನ್ನು ನೀರಿನಲ್ಲಿ ಕಲಸಿ, ಲೋಹದ ತಟ್ಟೆಗೆ ತುಂಬಿ, ಅಂಗುಳಿಗೆ ಒತ್ತಿ ಹಿಡಿಯಬೇಕು. ಗಟ್ಟಿಯಾದ ಮೇಲೆ ಒಂದೇ ಏಟಿಗೆ ಕೀಳಬೇಕು. ತೂತಿದ್ದವರಲ್ಲಿ ಅದು ಮೂಗಿನ ಗವಿಗೆ ಹರಿದು ಸಿಕ್ಕಿಬಿದ್ದರೆ ಪ್ರಾಣಕ್ಕೆ ಸಂಚಕಾರ. ಅದಕ್ಕೆ ಮೊದಲೇ ದಾರ ಕಟ್ಟಿದ ಗಾಜ್ ಬಟ್ಟೆಯನ್ನು ಒಳಗೆ ತುರುಕಿ, ದಾರದ ತುದಿಯನ್ನು ತುಟಿಯ ಹೊರಗೆ ಬಿಟ್ಟು, ಆಮೇಲೆ ಒತ್ತುತ್ತೇನೆ. ಮೊದಲ ಸಲ ಅವರಿಗೆ ಓಕರಿಕೆ ಬಂದು ಅಚ್ಚು ಹರಿಯಿತು. ಎರಡನೆಯ ಸಲ ಬಂತು. ಆ ಅಚ್ಚಿಗೆ ಗಟ್ಟಿ ಪ್ಲಾಸ್ಟರು ಎರೆದು, ಮೇಣದಲ್ಲಿ ತಿದ್ದಿ, ಉಳಿದ ಎಡಗಡೆ ಹಲ್ಲುಗಳಿಗೆ ಕೊಂಡಿಯಾಗಿ ತಂತಿ ಬಗ್ಗಿಸಿ, ಅಕ್ರಿಲಿಕ್ಕಿನಲ್ಲಿ ಬೇಯಿಸಿದೆ. ತೂತಿನೊಳಗೆ ಏರುವ ಭಾಗ ಗಡ್ಡೆಯಂತೆ ದಪ್ಪಗಿರುತ್ತದೆ. ತೂಕಕ್ಕೆ ಜೋತು ಬೀಳದಿರಲೆಂದು ಅದನ್ನು ಒಳಗೆ ಟೊಳ್ಳಾಗಿ ಕೊರೆದೆ. ಇದೆಲ್ಲ ಟೆಕ್ನಿಷಿಯನ್ ಮಾಡುತ್ತಿದ್ದ ಕೆಲಸ. ಕೈ ಪಳಗಿಸಿಕೊಳ್ಳಲು ನನಗೆ ಸಮಯ ಹಿಡಿಯಿತು.

ಮೆರುಗು ಕೊಡುವ ಮುಂಚೆ ಅದನ್ನು ಬಾಯಲ್ಲಿಟ್ಟು ನೋಡಬೇಕಾದ ದಿನ ಅವರು ಬರಲಿಲ್ಲ. ಮುಂದಿನ ಸಲವೂ ಇಲ್ಲ. ಹೆಂಡತಿಗೆ ಫೋನು ಮಾಡಿದರೆ, “ಆರಾಮದಾರ ಬಿಡ್ರಿ, ಛಲೋ ಮಾತಾಡಾಕತ್ತಾರ” ಎಂದರು. ಮುಚ್ಚಳವಿಲ್ಲದೆ ಛಲೋ ಮಾತೇ? ನನಗೆ ನಂಬಿಕೆಯಾಗಲಿಲ್ಲ.

ದೇವದುರ್ಗಕ್ಕೆ ಹೋದ ವಾರ ಆಸ್ಪತ್ರೆಯ ಕೆಲಸ ಮುಗಿಸಿ ಅವರ ಮನೆಯ ದಾರಿ ಕೇಳಿಕೊಂಡು ಹೋದೆ. ಅವರು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ, “ಬರ್ರಿ ಅಕ್ಕಾರ, ದೇವದುರ್ಗಕ್ಕ ಬಂದ್ರಿ!” ಎಂದರು. ದ ಇತ್ತು, ಗ ಇತ್ತು, ಸ್ವಲ್ಪ ಮಂದವಾಗಿತ್ತು, ಅಷ್ಟೇ. ನಾನು ಬೆರಗಾಗಿ ನಿಂತೆ.

ಒಳಗಿನಿಂದ ಹೆಂಡತಿ ಬಂದರು. ಕೈಯಲ್ಲಿ ಹತ್ತಿಯ ಉಂಡೆ. ಅವರ ಮುಖದಲ್ಲಿ ಹೆಮ್ಮೆ ಕುಣಿಯುತ್ತಿತ್ತು. “ಅಂಗಡಿ ಹತ್ತಿ ಅಲ್ರಿ ಇದು. ಹೊಲದಾಗ ಈಗ ಒಡದಿದ್ದು, ನಾನ ಬಿಡಿಸಿ ತಂದಿದ್ದು. ಕಾಳು ತಗದು, ಅರಳಿ ಹಿಂಜಿ, ಬೇವಿನೆಣ್ಣಿ ಹಚ್ಚಿ ಆ ತೂತಿಗಿ ಹೊಸದು ತುಂಬತೀನಿ. ಅಂಗಡಿ ಹತ್ತಿ ಒಣಾದು, ಜಾರಿ ಬೀಳ್ತದ. ಇದಕ್ಕ ಎಳಿ ಉದ್ದ, ಒಳಗ ಹಿಡಕೊಂಡು ನಿಂದರತದ.”

ಹತ್ತಿಯ ನಾಡಿನಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವ ಉಪಾಯ. ಎಳೆಯ ಉದ್ದ, ಹಿಡಿತ, ಒತ್ತಡ ಎಲ್ಲವೂ ಲೆಕ್ಕಕ್ಕೆ ಸರಿಯಾಗಿದ್ದವು. ಭಯವಾದದ್ದೂ ಅದಕ್ಕೇ. ಹಿಡಿದು ನಿಲ್ಲುವ ಎಳೆ ಹಸಿ ಗಾಯಕ್ಕೂ ಹಿಡಿದು ನಿಲ್ಲುತ್ತದೆ, ಒದ್ದೆ ಹಿಡಿದಿಡುತ್ತದೆ, ಹಿಂದೆ ಏನಾಗುತ್ತಿದೆ ಎಂದು ಯಾರಿಗೂ ಕಾಣದಂತೆ ಮುಚ್ಚುತ್ತದೆ.

“ಅಕ್ಕಾ, ನೀವು ಮಾಡಿದ್ದು ಭಾಳ ಶ್ಯಾಣ್ಯಾತನದ ಕೆಲಸ,” ಎಂದೆ. “ಆದ್ರ ಇದು ಬ್ಯಾಡ. ಒಳಗ ಹೊಲಸು ಕೂಡತದ. ಈ ವಾರ ಮುಚ್ಚಳ ಕೊಡತೀನಿ, ಬಂದುಬಿಡ್ರಿ. ಸಕ್ಕರಿ ಗುಳಿಗಿ ತಗೊಳ್ಳಾಕತ್ತಾರಿಲ್ಲೋ?”

“ತಗೊಂತಾರ್ರಿ. ಒಂದೊಂದಿನ ಮರೀತಾರ.”

“ಮರಿಯೋದು ಇಕಿ,” ಎಂದರು ಅವರು. “ಬರೇ ಹತ್ತಿ ನೆಪ್ಪಿಟ್ಟಾಳ.”

ಮುಚ್ಚಳ ಸಿದ್ಧವಾದ ದಿನವೂ ಅವರು ಹಾಗೆಯೇ ನಗಿಸುತ್ತ ಬಂದರು. ಮೆರುಗು ಕೊಟ್ಟ ಅಕ್ರಿಲಿಕ್ಕಿಗೆ ಪೇರಲ ಹಣ್ಣಿನ ಒಳಗಿನ ಬಣ್ಣ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಂದಿನ ಕೃತಕ ಹಲ್ಲುಗಳನ್ನು ಹೆಬ್ಬೆರಳಲ್ಲಿ ಸವರಿದರು. “ಹಾಕ್ರಿ,” ಎಂದರು.

ಮೊದಲು ಒಳಗಿನ ಹತ್ತಿ ತೆಗೆಯಬೇಕಿತ್ತು. ಚಿಮಟದಲ್ಲಿ ಎಳೆದೆ. ಬಂತು. ಎಳೆಗಳು ಮಾತ್ರ ಅಂಚಿಗೆ ಅಂಟಿಕೊಂಡಿದ್ದವು. ಉಪ್ಪುನೀರು ಚಿಮುಕಿಸುತ್ತ ಒಂದೊಂದಾಗಿ ಬಿಡಿಸುತ್ತ ಹೋದೆ. ಬೇವಿನೆಣ್ಣೆಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಅಂಗುಳಿನ ನಡುಗೆರೆಯ ಹತ್ತಿರ, ಎಡಗಡೆಯ ಮುಂದಿನ ಹಲ್ಲುಗಳ ಬುಡದಲ್ಲಿ, ಒಂದು ಜಾಗದ ಹತ್ತಿ ಕಪ್ಪಾಗಿ ಅಂಟಿತ್ತು, ಬಿಡಲಿಲ್ಲ. ಎಣ್ಣೆ, ಚಹಾ, ತಂಬಾಕು ಸೇರಿ ಕರೆಗಟ್ಟಿರಬೇಕು ಎಂದುಕೊಂಡೆ. ನೆನೆಸಿ ತೆಗೆದೆ. ಹತ್ತಿ ಬಂತು, ಕಪ್ಪು ಹಾಗೇ ಉಳಿಯಿತು.

ಸೂಜಿಮೊನೆಯ ಸಲಾಕೆಯಿಂದ ಒತ್ತಿದೆ. “ನೋವಾತೇನಣ್ಣಾ?”

ತಲೆ ಆಡಿಸಿದರು, ಇಲ್ಲ. ಇನ್ನಷ್ಟು ಒತ್ತಿದೆ. ನೋವಿಲ್ಲ. ರಕ್ತವಿಲ್ಲ. ಪಕ್ಕದ ಹಲ್ಲನ್ನು ಬೆರಳಿನಿಂದ ಮುಟ್ಟಿದೆ, ಅಲುಗಿತು.

ಸಲಾಕೆ ಕೆಳಗಿಟ್ಟೆ. ಈಗ ಮುಚ್ಚಳ ಕೂರಿಸಿದರೆ ಅದು ಕೂರುತ್ತದೆ, ಇವರು ಬಾಯಿ ತುಂಬ ಮಾತಾಡುತ್ತಾರೆ, ನಾಳೆಯೇ ಸ್ಟ್ಯಾಂಡಿಗೆ ಹೋಗುತ್ತಾರೆ. ಮತ್ತೆ ನನ್ನ ಬಾಗಿಲಿಗಾಗಲಿ ಸರ್ಜನರ ಬಾಗಿಲಿಗಾಗಲಿ ಬರುವುದಿಲ್ಲ. ಅದರ ಹಿಂದೆ ಕಪ್ಪು ಬೆಳೆಯುತ್ತ ಹೋಗುತ್ತದೆ.

“ಅಣ್ಣಾ, ಇವತ್ತು ಇದನ್ನ ಕೊಡಂಗಿಲ್ಲ. ಬ್ಯಾನಿ ತಿರುಗಿ ಬಂದಂಗ ಕಾಣತದ. ಸ್ಕ್ಯಾನ್ ಆಗಬೇಕು, ತುಣುಕು ತಗದು ನೋಡಬೇಕು. ಮತ್ತ ಆಪರೇಶನ್ ಆಗಬಹುದು.”

ಅವರು ಕುರ್ಚಿಯಿಂದ ಎದ್ದು ಕೈ ಚಾಚಿದರು. ಬಾಯಲ್ಲಿ ಹತ್ತಿ ಇರಲಿಲ್ಲ, ಮಾತು ಕಲಸಿತ್ತು. ಆದರೂ ನನಗೆ ಒಂದೊಂದು ಶಬ್ದವೂ ತಿಳಿಯಿತು. “ಅದು ನನ್ನ ಬಾಯಿ ಅದ. ನಿಮ್ಮ ಕೈಯಾಗ ಇಟಗೊಂಡು ಕುಂತೀರಿ. ಕೊಡ್ರಿ.”

“ಕೊಡಂಗಿಲ್ಲ ಅಣ್ಣಾ.”

“ಕೊಡ್ರಿ ಅಂದೆ.”

ಹೆಂಡತಿ ಅವರ ತೋಳು ಹಿಡಿದರು. ಅವರು ಕೊಡವಿಕೊಂಡು ಹೊರಟುಹೋದರು. ಆಕೆ ಹೊಸ್ತಿಲಲ್ಲಿ ತಿರುಗಿ, ಇಷ್ಟು ಹೊತ್ತಿನ ಹೆಮ್ಮೆಯೆಲ್ಲ ಇಳಿದ ದನಿಯಲ್ಲಿ, “ನನ್ನ ಹತ್ತಿಯಿಂದ ಆತೇನವ್ವಾ?” ಎಂದರು.

“ಇಲ್ಲಕ್ಕಾ. ಬ್ಯಾನಿ ಒಳಗ ಇತ್ತು. ಹತ್ತಿ ಅದನ್ನ ಮುಚ್ಚಿತ್ತು.”

ಅದು ಆಕೆಗೆ ಸಮಾಧಾನ ಕೊಟ್ಟಿತೋ ಇಲ್ಲವೋ, ಗೊತ್ತಿಲ್ಲ. ಮೇಜಿನ ಮೇಲಿನ ಗುಲಾಬಿ ಮುಚ್ಚಳದ ಎದುರು ನಾನು ಬಹಳ ಹೊತ್ತು ಕೂತೆ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಆ ಕಾರಿಡಾರಿನಲ್ಲಿ ನನ್ನದೊಂದೇ ತೆರೆದ ಬಾಗಿಲು.

ಸ್ಕ್ಯಾನಿಗೆ ಅವರು ಬರಲಿಲ್ಲ. ಫೋನು ಎತ್ತಲಿಲ್ಲ. ಎರಡು ದಿನ ನೋಡಿ, ಮಧ್ಯಾಹ್ನದ ಬಿಸಿಲಲ್ಲಿ ನಾನೇ ಸ್ಟ್ಯಾಂಡಿಗೆ ನಡೆದೆ. ದೂರದಿಂದಲೇ ದನಿ ಕೇಳಿಸಿತು. ಹತ್ತಿ ತುಂಬಿಕೊಂಡಿದ್ದರು. ದೇವದುರ್ಗ, ದೇವದುರ್ಗ ಎಂದು ಅವರು ಕೂಗಿದ್ದು ಇನ್ನೊಬ್ಬರಿಗೆ ತಿಳಿಯುವಷ್ಟು ಸ್ಪಷ್ಟವಾಗಿಯೇ ಇತ್ತು. ನನ್ನನ್ನು ಕಂಡು ಕೂಗು ನಿಲ್ಲಿಸಿದರು. ಓಡಿಹೋಗಲಿಲ್ಲ, ಬೈಯಲಿಲ್ಲ. “ಚಾ ಕುಡಿತೀರೇನು?” ಎಂದರು.

ಚಹಾದಂಗಡಿಯಲ್ಲಿ ಅವರು ಗೋಡೆಗೆ ಮುಖ ಮಾಡಿ, ನನಗೆ ಬೆನ್ನು ತೋರಿಸಿ ಕೂತರು. ಹತ್ತಿ ಎಷ್ಟು ಗಟ್ಟಿ ತುಂಬಿದರೂ ಚಹಾ ಮೂಗಿನಿಂದ ಇಳಿಯುತ್ತಿತ್ತು. ಟವೆಲಿನಿಂದ ಒರೆಸಿಕೊಂಡರು. ಮನೆಯಲ್ಲೂ ಹೀಗೆಯೇ ಎಂದು ಆಮೇಲೆ ತಿಳಿಯಿತು: ಎಲ್ಲರದೂ ಊಟವಾದ ಮೇಲೆ ಒಬ್ಬರೇ, ಗೋಡೆ ನೋಡಿಕೊಂಡು.

“ಕೊಯ್ಯೋದಕ್ಕ ಹೆದರಿಕಿ ಏನಣ್ಣಾ?” ಎಂದು ಆ ಬೆನ್ನಿಗೆ ಕೇಳಿದೆ.

“ಕೊಯ್ಯೋದು ಯಾರಿಗಿ ತಿಳೀತದ? ಮಬ್ಬು ಬರಸ್ತಾರ, ಕೊಯ್ತಾರ.” ಚಹಾದ ಲೋಟ ಕೆಳಗಿಟ್ಟರು. “ಎಚ್ಚರ ಆಗೋದು. ಹೋದ ಸಲ ಎಚ್ಚರ ಆದಾಗ ಇಕಿನ್ನ ಒಳಗ ಬಿಟ್ಟಿದ್ದಿಲ್ಲ. ಎಲ್ಲಾರೂ ಮೈತುಂಬ ಚೀಲ ಹಾಕ್ಕೊಂಡಿದ್ರು, ಮಾರಿ ಕಾಣವಲ್ದು. ಕೈಗಿ ಚುಚ್ಚಿದ ಸೂಜಿ ಬಾತು ಉರೀತಿತ್ತು. ಕೈ ಉರೀತದ, ಕೈ ಉರೀತದ ಅಂತೀನಿ, ಯಾರಿಗೂ ತಿಳೀವಲ್ದು. ಒಬ್ಬಾಕಿ ನೀರು ಬೇಕೇನು ಅಂದಳು. ಒಬ್ಬಾಕಿ ಉಚ್ಚಿ ಡಬ್ಬಿ ತಂದಳು. ಇನ್ನೊಬ್ಬಾವ ಬಂದು, ಇವಗ ತಲಿ ಕೆಟ್ಟದ, ಕೈ ಕಟ್ರಿ ಅಂದ. ಉರಿಯೋ ಕೈನೇ ಕಟ್ಟಿದ್ರು.”

ಟವೆಲು ಮುಖಕ್ಕೆ ಹೋಯಿತು.

“ಇಷ್ಟು ವರ್ಷ ಮಂದಿನ್ನ ಕರದೀನಿ ನಾನು. ಕರದ್ರ ಬರ್ತಾರ. ಅವತ್ತು ಒಬ್ಬರನ್ನೂ ಕರಿಯಾಕ ಆಗಲಿಲ್ಲ. ಸತ್ರ ಸಾಯ್ತೀನಿ ಅಕ್ಕಾರ. ಹಂಗ ಇನ್ನೊಮ್ಮಿ ಎಚ್ಚರ ಆಗಾಕ ಒಲ್ಲೆ.”

ನನ್ನ ಲೋಟದ ಚಹಾ ಆರಿಹೋಗಿತ್ತು. ಬಾಯಿಂದ ಮಾತು ಬಂದುಬಿಟ್ಟಿತು. “ಈ ಸಲ ಎಚ್ಚರ ಆಗೋದರೊಳಗ ನಿಮ್ಮ ಬಾಯಾಗ ಮುಚ್ಚಳ ಇರ್ತದ. ಟೇಬಲ್ ಮ್ಯಾಲ ಮಲಗಿದ್ದಾಗ ನಾನ ಕಟ್ಟತೀನಿ.”

ಈಗ ತಿರುಗಿ ನೋಡಿದರು. “ಖರೇನ?”

“ಖರೇ.”

“ದಸರಾ ದಾಟತದ.”

“ದಾಟತದ ಅಣ್ಣಾ. ಪಾಳಿ ಹೋಗತದ. ಅದಕ್ಕ ನನ್ನ ಹತ್ರ ಏನೂ ಇಲ್ಲ.”

ಅವರು ಸ್ಟ್ಯಾಂಡಿನ ಕಡೆ ನೋಡುತ್ತ ಕೂತರು. ಅರ್ಧ ತುಂಬಿದ ಗಾಡಿಯ ಡ್ರೈವರು ಹಾರ್ನು ಒತ್ತುತ್ತಿದ್ದ. “ಲೇ, ಬಂದೆ ತಡಿಯೋ!” ಎಂದು ಕೂಗಿದರು. ನನ್ನ ಕಡೆ ತಿರುಗಿ, “ನಾಳಿ ಸ್ಕ್ಯಾನಿಗಿ ಬರತೀನಿ,” ಎಂದರು.

ಟೇಬಲ್ ಮೇಲೆಯೇ ಮುಚ್ಚಳ ಕಟ್ಟುವ ಮಾತನ್ನು ನಾನು ಸರ್ಜನರ ಹತ್ತಿರ ಇನ್ನೂ ಕೇಳಿಯೇ ಇರಲಿಲ್ಲ. ಸ್ಕ್ಯಾನು ಆಯಿತು, ತುಣುಕಿನಲ್ಲಿ ಬೂಷ್ಟಿನ ಎಳೆಗಳು ಕಂಡವು. ಅನುಮಾನ ಉಳಿಯಲಿಲ್ಲ. ಅವರನ್ನು ದಾಖಲಿಸಿ, ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸತೊಡಗಿದರು, ಬೂಷ್ಟು ಕೊಲ್ಲುವ ಇಂಜೆಕ್ಷನ್ನು ಮತ್ತೆ ಶುರುವಾಯಿತು. ನಾನು ಪ್ಲಾಸ್ಟರಿನ ಮಾದರಿ ಹಿಡಿದು ಸರ್ಜನರ ಕೋಣೆಗೆ ಹೋದೆ. ಆಯಾಸದಿಂದ ಕಣ್ಣು ಕೆಂಪಗಿದ್ದ ಮನುಷ್ಯ.

“ಎಲ್ಲಿತನಕ ಕೊಯ್ತೀನಿ ಅಂತ ನನಗ ಗೊತ್ತಿಲ್ಲ, ನಿಮಗ ಹೆಂಗ ಗೊತ್ತಾಗತದ?”

“ಅಂದಾಜು ಗೆರಿ ಹಾಕಿಕೊಡ್ರಿ ಸರ್. ಅದರ ಮ್ಯಾಲ ಮೊದಲ ಮಾಡಿಟ್ಟುಕೊಂತೀನಿ. ಹೆಚ್ಚುಕಡಿಮಿ ಆದ್ರ ಅಲ್ಲೇ ತಿದ್ದತೀನಿ.”

“ನಾ ಮಾಡೋ ಕೆಲಸಕ್ಕಿಂತ ನೀವು ತಂತಿ ಕಟ್ಟೋದು ಉದ್ದ ಆಗಬಾರದು ಮತ್ತ.” ಪೆನ್ಸಿಲು ತೆಗೆದುಕೊಂಡು ಮಾದರಿಯ ಮೇಲೆ ಒಂದು ಗೆರೆ ಎಳೆದರು. ಅಳಿಸಿ, ಸ್ವಲ್ಪ ಆಚೆಗೆ ಇನ್ನೊಂದು ಎಳೆದರು. ಎಡಗಡೆಯ ಮುಂದಿನ ಎರಡು ಹಲ್ಲು ಗೆರೆಯ ಒಳಗೆ ಬಂದವು. “ರಕ್ತ ಎಲ್ಲಿ ಬರ್ತದೋ ಅಲ್ಲಿ ನಿಲ್ಲಸ್ತೀನಿ. ನಿಮ್ಮ ಗೆರಿ ನೋಡಿ ನಿಲ್ಲಸಂಗಿಲ್ಲ.”

“ಬ್ಯಾಡ್ರಿ ಸರ್. ನಿಲ್ಲಸಬ್ಯಾಡ್ರಿ.”

ಹಳೆಯ ಮುಚ್ಚಳ ಇದಕ್ಕೆ ಬರುತ್ತಿರಲಿಲ್ಲ. ಅದರ ಆಕಾರ ಹಳೆಯ ಬಾಯಿಯದು. ಮಾದರಿಯಿಂದ ಆ ಎರಡು ಹಲ್ಲುಗಳನ್ನು ಗರಗಸದಲ್ಲಿ ಕೊಯ್ದು, ಬುಡವನ್ನು ಕೆರೆದು ಸಪಾಟು ಮಾಡಿದೆ. ಇನ್ನೂ ಬಾಯಲ್ಲಿರುವ ಹಲ್ಲನ್ನು ಪ್ಲಾಸ್ಟರಿನಲ್ಲಿ ಮೊದಲೇ ಕೀಳುವುದು ಮನಸ್ಸಿಗೆ ಒಗ್ಗುವ ಕೆಲಸವಲ್ಲ. ಹೊಸ ಮುಚ್ಚಳ ಬರೀ ಒಂದು ತಟ್ಟೆ, ಅದಕ್ಕೆ ಮೇಲಿನ ಗಡ್ಡೆ ಬೇಡ, ಹಲ್ಲು ಬೇಡ. ತೆಳ್ಳಗೆ, ಅಂಗುಳಿನಷ್ಟೇ ಅಗಲ, ಎಡಗಡೆಯ ದವಡೆಹಲ್ಲಿಗೆ ತಂತಿ ಕಟ್ಟಲು ಅಂಚಿನಲ್ಲಿ ಸಣ್ಣ ತೂತುಗಳು. ಬೇಯಿಸಿ ತೆಗೆದು, ಉಜ್ಜಿ, ಔಷಧಿ ದ್ರಾವಣದಲ್ಲಿ ನೆನೆಯಲು ಬಿಟ್ಟೆ.

ಅಷ್ಟರಲ್ಲಿ ದಸರೆ ಮುಗಿದಿತ್ತು. ಆಪರೇಶನ್ನಿನ ಬೆಳಿಗ್ಗೆ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಹೆಂಡತಿ ಒಬ್ಬರೇ ಕೂತಿದ್ದರು. ಪಕ್ಕದ ಬೆಂಚಿನವರು ಇವರನ್ನು ಕಂಡು ಎದ್ದು ದೂರ ಹೋಗಿ ನಿಂತಿದ್ದರು.

“ಪಾಳಿ ಬ್ಯಾರೆಯವಗ ಹೋತವ್ವಾ,” ಎಂದರು. “ಹೋಗ್ಲಿ. ಬೈಯಾಕರ ಒಬ್ಬ ಮನುಷ್ಯ ಮನ್ಯಾಗ ಉಳೀಲಿ.”

ಒಳಗೆ ನಾನು ಗೋಡೆಗೆ ಒರಗಿ ಕೈ ಕಟ್ಟಿ ನಿಂತೆ. ಸರ್ಜನ್ ಕೊಯ್ಯುತ್ತ ಹೋದರು. ಸತ್ತ ಎಲುಬು ಒಣ ಸದ್ದು ಮಾಡುತ್ತ ಬರುತ್ತದೆ. ಪೆನ್ಸಿಲಿನ ಗೆರೆಯ ತನಕ ಬಂದರು. ಅಂಚು ಬೆಳ್ಳಗೇ ಇತ್ತು. ರಕ್ತವಿಲ್ಲ. ನನ್ನ ಕಡೆ ನೋಡಲಿಲ್ಲ, ಮುಂದುವರಿದರು. ಮೂರನೆಯ ಹಲ್ಲೂ ಹೋಯಿತು. ಅದರಾಚೆಯ ಎಲುಬನ್ನು ಉಳಿ ಮುಟ್ಟಿದಾಗ ಒಂದು ಕೆಂಪು ಹನಿ ಮೂಡಿತು, ಆಮೇಲೆ ಇನ್ನೊಂದು, ಆಮೇಲೆ ಅಂಚಿನುದ್ದಕ್ಕೂ. ಆ ಕೋಣೆಯಲ್ಲಿ ರಕ್ತ ಕಂಡು ಎಲ್ಲರೂ ಉಸಿರು ಬಿಟ್ಟೆವು.

“ಬರ್ರಿ, ನಿಮ್ಮ ಪಾಳಿ,” ಎಂದರು.

ತಟ್ಟೆ ಇಟ್ಟು ನೋಡಿದೆ. ಮುಂದುಗಡೆ ಬೆರಳು ತೂರುವಷ್ಟು ಸಂದು. ಸರ್ಜನ್ ಹಿಂದೆ ಸರಿದು ನಿಂತರು. ಮೆತ್ತನೆಯ ಅಸ್ತರಿಗೆಂದು ಬಳಸುವ ಪುಡಿ ಮತ್ತು ದ್ರವ ನನ್ನ ಜೊತೆಗಿದ್ದವು. ಕಲಸಿದ್ದು ಮೊದಲು ಹಾಲಿನಂತಿತ್ತು. ಮೇಲೆತ್ತಿದರೆ ಎಳೆ ಬರುವ ಹದಕ್ಕೆ ಕಾದೆ. ಸಂದಿನ ಅಂಚಿಗೆ ಏರಿಸಿ, ಬಾಯಿಗಿಟ್ಟು, ಅದು ಗಟ್ಟಿಯಾಗುವ ತನಕ ಎರಡು ಬೆರಳಲ್ಲಿ ಒತ್ತಿ ಹಿಡಿದೆ. ತೆಗೆದು ಹೆಚ್ಚಿನದ್ದನ್ನು ಕತ್ತರಿಸಿದೆ. ಮತ್ತೆ ಇಟ್ಟೆ. ಸಂದಿಲ್ಲ. ಗಾಯಕ್ಕೆ ತುಂಬಿದ ಗಾಜ್ ಬಟ್ಟೆಯನ್ನೂ ಅದು ಹಿಡಿದು ನಿಂತಿತು. ದವಡೆಹಲ್ಲಿಗೆ ತಂತಿ ಸುತ್ತಿ, ತಿರುಚಿ, ಚೂಪು ತುದಿಯನ್ನು ಒಳಕ್ಕೆ ಮಡಚಿದೆ.

ಎಚ್ಚರಗೊಳ್ಳುವ ವಾರ್ಡಿನಲ್ಲಿ ಹೆಂಡತಿಯನ್ನು ಈ ಸಲವೂ ಬಿಡಲಿಲ್ಲ. ನಾನು ಬಾಗಿಲ ಹತ್ತಿರ ನಿಂತೆ, ಟೋಪಿ, ಮಾಸ್ಕು, ಗೌನು ಹಾಕಿಕೊಂಡೇ. ನನ್ನ ಮುಖವೂ ಯಾರಿಗೂ ಕಾಣುವಂತಿರಲಿಲ್ಲ. ಅವರು ಮೊದಲು ಕಾಲು ಆಡಿಸಿದರು. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದರು. ಮೈ ನಡುಗತೊಡಗಿತು. ನರ್ಸು ಹತ್ತಿರ ಹೋಗಿ ನಾಡಿ ಹಿಡಿದಳು.

“ಫ್ಯಾನ್ ಬಂದ್ ಮಾಡವ್ವಾ,” ಎಂದರು ಅವರು. ದನಿ ಬಾತಿತ್ತು, ನಿಧಾನವಾಗಿತ್ತು, ಆದರೆ ಬಾಯಿಯಿಂದ ಬಂದಿತ್ತು.

“ಏ ಯಪ್ಪಾ, ರಾಯಚೂರಾಗ ಫ್ಯಾನ್ ಬಂದ್ ಮಾಡು ಅಂದಾವ ನೀನ ಮೊದಲು ನೋಡು!”

“ಥಂಡಿ ಹತ್ತೇದ. ಬಂದ್ ಮಾಡು.”

ಆಕೆ ಗೋಡೆಯ ಹತ್ತಿರ ಹೋಗಿ ಬಟನ್ ಒತ್ತಿದಳು. ಹೊದಿಕೆಯನ್ನು ಅವರ ಎದೆಯ ತನಕ ಎಳೆದು, ಪಕ್ಕದ ಹಾಸಿಗೆಗೆ ಹೋದಳು. ಆಕೆಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ರೋಗಿ ಒಂದು ಮಾತು ಹೇಳಿದ್ದ, ತಿಳಿದಿತ್ತು, ಮಾಡಿದ್ದಳು. ಫ್ಯಾನು ತಿರುಗುತ್ತ ತಿರುಗುತ್ತ ನಿಧಾನವಾಗಿ ನಿಂತಿತು. ಅವರು ಮತ್ತೆ ನಿದ್ದೆ ಹೋದರು. ನಾನು ಬಾಗಿಲಲ್ಲಿ ನಿಂತದ್ದನ್ನು ಇಬ್ಬರೂ ನೋಡಲಿಲ್ಲ.